"ನಿಮ್ಮದೇ ಬಾವುಟ ಸಾರ್"

"ಇದು ಯಾವ ದೇಶದ ಬಾವುಟ?"

"ನಿಮ್ಮದೇ ಸಾರ್."

"ಹೌದಾ? ಗುರುತೇ ಸಿಗಲಿಲ್ಲ."

ನಡೆದ ಮಾತು ಇಷ್ಟೇ. ಬೇರೆ ದೇಶಕ್ಕೆ ಹೋದ ದೋಣಿ ಮರ್ಯಾದೆಗೆ ಆ ದೇಶದ ಬಾವುಟವನ್ನೂ ಹಾರಿಸುವುದು ರೂಢಿ, ಮಾತು ಅದರ ಬಗ್ಗೆ. ಕೇಳಿದ್ದು ನಮ್ಮ ಹಾಯಿದೋಣಿಯ ಹಗ್ಗ ಹಿಡಿಯಲು ಜೆಟ್ಟಿಗೆ ಬಂದಿದ್ದ ಹಿರಿಯರು. ಉತ್ತರ ಕೊಟ್ಟದ್ದು ನಮ್ಮ ಕ್ಯಾಪ್ಟನ್. ಆಮೇಲೆ ಅವರು ಹಗ್ಗವನ್ನು ಗೂಟಕ್ಕೆ ಸುತ್ತಿ, ಜಗ್ಗಿ ನೋಡಿ, ಹೊರಟೇ ಹೋದರು. ಈ ವಾರವೆಲ್ಲ ಆ "ಗುರುತೇ ಸಿಗಲಿಲ್ಲ" ನನ್ನ ಕಿವಿ ಬಿಟ್ಟು ಹೋಗಿಲ್ಲ. ಚುಚ್ಚಿದ್ದಾ, ಇಲ್ಲಾ ನಿಜವಾಗಿಯೂ ಗುರುತು ಸಿಗದೆ ಕೇಳಿದ್ದಾ? ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಗುರುತು ಸಿಗದಿದ್ದರೆ ಅವರ ತಪ್ಪೇನೂ ಇಲ್ಲ ಬಿಡಿ. ಗಾಳಿಗೆ ಬಡಿದುಕೊಳ್ಳುವ ತುದಿಯಲ್ಲಿ ಒಂದು ಗೇಣು ಬಟ್ಟೆಯೇ ಮಾಯವಾಗಿತ್ತು. ಹೊಲಿಗೆ ಬಿಚ್ಚಿ ದಾರ ಜೋತುಬಿದ್ದಿತ್ತು. ಕೆಂಪು ಬಣ್ಣ ಬಿಸಿಲಿಗೆ ಬಾಡಿ ತಿಳಿ ಗುಲಾಬಿಯಾಗಿತ್ತು. ಸಾಲದ್ದಕ್ಕೆ ಗಂಟು ಜಾರಿ, ಕಟ್ಟಬೇಕಾದ ಎತ್ತರಕ್ಕಿಂತ ಎರಡು ಮೊಳ ಕೆಳಗೆ ನೇತಾಡುತ್ತಿತ್ತು. ಅರ್ಧಕ್ಕೆ ಇಳಿದ ಬಾವುಟ ಅಂದರೆ ಯಾರೋ ಸತ್ತಿದ್ದಾರೆ ಅಂತ ಲೆಕ್ಕ. ಒಟ್ಟಿನಲ್ಲಿ ಅವರ ದೇಶಕ್ಕೆ ಹೋಗಿ, ಅವರ ಬಾವುಟವನ್ನೇ ಹರಿದು, ಸೂತಕವನ್ನೂ ಹೊರಿಸಿದಂತಿತ್ತು.

ಹಿಂಬದಿಯಲ್ಲಿ ಮಾತ್ರ ನಮ್ಮ ದೋಣಿಯ ಸ್ವಂತ ದೇಶದ ಬಾವುಟ ಹೊಚ್ಚ ಹೊಸದು, ಫಳಫಳ ಹೊಳೆಯುತ್ತಿತ್ತು. ದೋಣಿ ಯಾವ ದೇಶದ್ದು ಅಂತ ಹೇಳುವ ಆ ಬಾವುಟಕ್ಕೆ ಹಿಂಬದಿಯ ಕೋಲೇ ಜಾಗ. ದೋಣಿಯ ಉದ್ದ ಎಷ್ಟು ಅಡಿಯೋ ಬಾವುಟ ಅಷ್ಟು ಇಂಚು ಅನ್ನುವುದು ರೂಢಿಯ ಅಳತೆ. ನಮ್ಮದು 36 ಅಡಿ, ಅಂದರೆ 36 ಇಂಚು ಸಾಕು. ನಮ್ಮ ಕ್ಯಾಪ್ಟನ್ ತಂದದ್ದು ಅದರ ಎರಡರಷ್ಟು. ಗಾಳಿ ಬಿದ್ದಾಗಲೆಲ್ಲ ತುದಿ ನೀರಿಗೆ ತಾಗುತ್ತಿತ್ತು. ಮನುಷ್ಯ ಒಳ್ಳೆಯವನೇ, ಬಿರುಗಾಳಿಯಲ್ಲೂ ಕೈ ನಡುಗದವನು. ಆದರೆ ತನ್ನದು ಅಂದರೆ ದೊಡ್ಡದಿರಬೇಕು, ಅದೊಂದು ಚಟ.

ಹೀಗೆ ಹೋದ ದೇಶದ ಬಾವುಟಕ್ಕೆ ಕರ್ಟಸಿ ಬಾವುಟ, ಅಂದರೆ ಮರ್ಯಾದೆಯ ಬಾವುಟ ಅಂತಾರೆ. ಅದರ ಜಾಗ ಬಲಬದಿಯ ಸ್ಪ್ರೆಡರ್ ಕೆಳಗೆ. ಹಾಯಿಕಂಬದಿಂದ ಎರಡೂ ಕಡೆ ತೋಳು ಚಾಚಿರುತ್ತವಲ್ಲ, ಅವೇ ಸ್ಪ್ರೆಡರ್. ತೋಳಿನ ಕೆಳಗೊಂದು ಪುಟ್ಟ ರಾಟೆ, ಅದರಲ್ಲಿ ತೆಳ್ಳನೆ ಹಗ್ಗ. ದೋಣಿಯ ಬಲಬದಿಗೆ ಹಿಂದಿನಿಂದಲೂ ಮರ್ಯಾದೆ ಜಾಸ್ತಿ, ಅತಿಥೇಯರ ಬಾವುಟ ಅಲ್ಲಿಗೇ. ಬೇರೆ ದೇಶದಿಂದ ಬಂದಾಗ ಮೊದಲು ಏರುವುದು ಹಳದಿಯ ಕ್ಯೂ ಬಾವುಟ. ದೂರದಿಂದ ನೋಡಿದವರು ಒಳಗೆ ಏನೋ ರೋಗ ಇದೆ ಅಂದುಕೊಳ್ಳುತ್ತಾರೆ. ಈಗ ಅದರ ಅರ್ಥ ತಿರುಗಾಮುರುಗಾ: "ನಮ್ಮ ಹಡಗಿನಲ್ಲಿ ಎಲ್ಲರೂ ಆರೋಗ್ಯವಾಗಿದ್ದೇವೆ, ಒಳಗೆ ಬರಲು ಅನುಮತಿ ಕೊಡಿ." ಕಾಗದಪತ್ರ ಮುಗಿದ ಮೇಲೆ ಹಳದಿ ಇಳಿಯುತ್ತದೆ. ನಾವೂ ಅದನ್ನು ಹಿಂದಿನ ಬಂದರಿನಲ್ಲೇ ಇಳಿಸಿ ಬಂದಿದ್ದೆವು. ಆ ಬಾವುಟವಾದರೋ ಮಡಿಕೆ ಸಮೇತ ಚೊಕ್ಕಟವಾಗಿತ್ತು. ಆಫೀಸರ್ ನೋಡುತ್ತಾರಲ್ಲ!

ಅವತ್ತು ರಾತ್ರಿ ಕೇಳಿದೆ, "ಹೊಸದೊಂದು ತರಬಾರದಿತ್ತೇನೋ?"

"ಯಾವ ಕಾನೂನಲ್ಲಿದೆ ತೋರಿಸು" ಅಂದ.

ಆ ಮಾತಿನಲ್ಲಿ ಅವನಿಗೆ ಸ್ವಲ್ಪ ನ್ಯಾಯ ಇದೆ. ಹಡಗು ಒಂದೇ ದೇಶದ ಬಾವುಟದಡಿ ಓಡಾಡಬೇಕು ಅಂತ 1982ರ ಸಮುದ್ರ ಕಾನೂನು ಒಪ್ಪಂದದ 92ನೇ ವಿಧಿ ಹೇಳುತ್ತದೆ. ಕರ್ಟಸಿ ಬಾವುಟದ ಮಾತು ಆ ಒಪ್ಪಂದದಲ್ಲಿ ಇಲ್ಲ. ಕೆಲವು ದೇಶಗಳು ಹಾರಿಸದಿದ್ದರೆ ದಂಡ ಹಾಕುತ್ತವೆ. ಉಳಿದ ಕಡೆ ಅದು ಬರೀ ರೂಢಿ, ಬರೀ ಮರ್ಯಾದೆ. ಅದಕ್ಕೇ ನನಗೆ ಜಾಸ್ತಿ ಚುಚ್ಚಿದ್ದು. ದೋಣಿಯ ಮೇಲಿನ ಬೇರೆ ಬಾವುಟಗಳೆಲ್ಲ ನಮ್ಮ ಬಗ್ಗೆಯೇ ಹೇಳುತ್ತವೆ. ನಾವು ಯಾರು, ಯಾವ ಕ್ಲಬ್ಬು, ನಮಗೇನು ಬೇಕು. ಎದುರಿನವರಿಗಾಗಿ ಹಾರಿಸುವುದು ಇದೊಂದೇ. ಅದೊಂದೇ ಹರಿದಿತ್ತು. ದಂಡ ಇರುವಲ್ಲಿ ನೆಟ್ಟಗೆ, ಇಲ್ಲದ ಕಡೆ ಹೇಗೋ ಒಂದು. ಇದು ಬಾವುಟಕ್ಕೆ ಮಾತ್ರ ಅನ್ವಯಿಸುತ್ತದಾ ಅಂತ ಯೋಚಿಸಿದರೆ ನನಗೆ ಗೊತ್ತಿರುವ ಅರ್ಧ ಜನ ಕಣ್ಣ ಮುಂದೆ ಬರುತ್ತಾರೆ.

ಹಾಗಂತ ಇನ್ನೊಂದು ಜಾತಿಯೂ ನನಗೆ ಆಗಿಬರುವುದಿಲ್ಲ. ಪಕ್ಕದ ದೋಣಿಯಲ್ಲಿ ಒಬ್ಬ ಮಹಾಶಯರಿದ್ದರು. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಏರಿಸುವುದು, ಸೂರ್ಯ ಮುಳುಗುವಾಗ ಗಡಿಯಾರ ಹಿಡಿದು ಇಳಿಸುವುದು. ಇಳಿಸಿದ ಮೇಲೆ ಸುಮ್ನೆ ಒಳಗೆ ಹೋಗಬಹುದು ಅಲ್ವಾ? ಇಲ್ಲ, ಅಕ್ಕಪಕ್ಕದ ದೋಣಿಗಳ ಮೇಲೆಲ್ಲ ಕಣ್ಣು ಹಾಯಿಸಿ ತಲೆ ಅಲ್ಲಾಡಿಸಬೇಕು. ಹಗ್ಗ ಹಿಡಿಯುವವರಿಗೆ ಅವರು ಒಂದು ನಮಸ್ಕಾರ ಹೇಳಿದ್ದನ್ನು ನಾನು ಕಾಣಲಿಲ್ಲ. ಬಾವುಟ ಸರಿಯಾಗಿದ್ದ ಮಾತ್ರಕ್ಕೆ ಮರ್ಯಾದೆ ಬಂತು ಅಂತಲೂ ಅಲ್ಲ.

"ಗುರುತೇ ಸಿಗಲಿಲ್ಲ." ಮತ್ತೆ ಮತ್ತೆ ಕೇಳಿಸಿಕೊಂಡ ಮೇಲೆ ಈಗ ಅನಿಸುತ್ತಿದೆ, ಅವರು ಬೇಕಂತಲೇ ಹಾಗೆ ಅಂದಿರಬೇಕು. ಬೈದಿದ್ದರೆ ನಮ್ಮ ಕ್ಯಾಪ್ಟನ್ ಜಗಳಕ್ಕೆ ನಿಲ್ಲುತ್ತಿದ್ದ. ಈ ಮಾತಿಗೆ ಅವನ ಹತ್ತಿರ ಉತ್ತರವಿರಲಿಲ್ಲ.

ಮರುದಿನ ಹೇಳದೆ ಕೇಳದೆ ಹೋಗಿ ಹೊಸದು ತಂದ. ಅಳತೆ ಸರಿ, ನಾಲ್ಕೂ ಅಂಚಿಗೆ ಎರಡೆರಡು ಹೊಲಿಗೆ. ರಾಟೆಗೆ ತಾಗುವವರೆಗೂ ಎಳೆದು ಕಟ್ಟಿದ. ಈಗ ಸಂಜೆ ಇಳಿಸುತ್ತಾನೆ ಕೂಡ. "ಗೌರವ ಗಿರವ ಏನಿಲ್ಲ, ಬಟ್ಟೆ ಬಾಳಿಕೆ ಬರಲಿ ಅಂತ" ಅನ್ನುತ್ತಾನೆ. ನಿನ್ನೆ ಇನ್ನೊಂದು ಪ್ರಶ್ನೆ ತಂದಿದ್ದ. ಮುಂದಿನ ವಾರ ಬೇರೆ ದೇಶದ ಗೆಳತಿಯೊಬ್ಬಳು ದೋಣಿ ಹತ್ತುತ್ತಾಳೆ. ಅವಳ ಬಾವುಟವನ್ನೂ ಅದೇ ಹಗ್ಗಕ್ಕೆ ಕೆಳಗೆ ಕಟ್ಟಲಾ ಅಂತ. ಕಟ್ಟಬೇಡ ಮಾರಾಯ, ಅಂದೆ. ಹಿಂದೆ ಯುದ್ಧದಲ್ಲಿ ವಶವಾದ ಹಡಗಿನ ಮೇಲೆ ಗೆದ್ದವರ ಬಾವುಟ ಮೇಲೆ, ಸೋತವರದ್ದು ಕೆಳಗೆ ಹಾರಿಸುತ್ತಿದ್ದರು. ಎಡಬದಿಯ ಸ್ಪ್ರೆಡರ್ ಖಾಲಿಯೇ ಇದೆಯಲ್ಲ, ಅವಳದ್ದನ್ನು ಅಲ್ಲಿ ಹಾಕು.

"ಅಲ್ಲಿ ರಾಟೆ ಕಿತ್ತುಹೋಗಿದೆ" ಅಂದ. ಈಗ ಅದನ್ನು ಹಾಕಲು ಕಂಬ ಹತ್ತಬೇಕು. ಯಾರು ಹತ್ತಬೇಕು ಅನ್ನುವ ಚರ್ಚೆ ನಡೆಯುತ್ತಿದೆ.