‘ಟು ಹಿಯರ್’ ಸರಿಯೋ, ‘ಟು ಹಿಯರಿಂಗ್’ ಸರಿಯೋ?

ಪೀಣ್ಯದ ಹತ್ತಿರ ಸಂಜೆ ಹೊತ್ತು ಆಫೀಸ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡ ಮೀಡಿಯಮ್ಮಿನಲ್ಲಿ ಓದಿ, ಸಣ್ಣ ಫ್ಯಾಕ್ಟರಿಗಳ ಪರ್ಚೇಸ್, ಅಕೌಂಟ್ಸ್, ಡಿಸ್ಪ್ಯಾಚ್ ವಿಭಾಗದಲ್ಲಿ ದುಡಿಯುವವರು. ಮೇಲ್ ಪೂರ್ತಿ ಟೈಪ್ ಮಾಡಿರುತ್ತಾರೆ, ಕೊನೇ ಸಾಲಿಗೆ ಬಂದಾಗ ಕೈ ನಿಲ್ಲುತ್ತದೆ. ಆಗ ನನಗೆ ಫೋನ್. “ಮೇಡಂ, ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು ಅಂತ ಹಾಕ್ಲಾ, ಹಿಯರಿಂಗ್ ಅಂತ ಹಾಕ್ಲಾ? ‘ಟು’ ಆದ್ಮೇಲೆ ‘ಇಂಗ್’ ಬರಲ್ಲ ಅಂತ ಸ್ಕೂಲಲ್ಲಿ ಹೇಳಿದ್ರಲ್ವಾ?”

ಹಿಯರಿಂಗ್ ಅಂತಲೇ ಹಾಕಿ.

ಇಂಗ್ಲಿಷಿನಲ್ಲಿ ‘ಟು’ ಎರಡಿವೆ. ‘ಐ ವಾಂಟ್ ಟು ಗೋ’ ಎನ್ನುವಾಗಿನ ‘ಟು’ ಕ್ರಿಯಾಪದಕ್ಕೆ ಅಂಟಿದ್ದು, ನಮ್ಮ ‘ಹೋಗಲು’ವಿನ ‘ಅಲು’ ಇದ್ದ ಹಾಗೆ. ‘ಐ ವೆಂಟ್ ಟು ಮೈಸೂರು’ ಎನ್ನುವಾಗಿನದು ನಾಮಪದದ್ದು, ‘ಮೈಸೂರಿಗೆ’ಯ ‘ಗೆ’ ಇದ್ದ ಹಾಗೆ. ಸ್ಕೂಲಲ್ಲಿ ಹೇಳಿದ್ದು ಮೊದಲನೆಯದರ ಮಾತು. ಲುಕ್ ಫಾರ್ವರ್ಡ್ ಆದಮೇಲೆ ಬರುವುದು ಎರಡನೆಯದು, ಅದರ ಮುಂದೆ ನಾಮಪದವೇ ಬೇಕು. ಹಿಯರ್‌ಗೆ ‘ಇಂಗ್’ ಹಚ್ಚಿದರೆ ಅದು ‘ಕೇಳುವುದು’ ಆಗಿ, ನಾಮಪದದ ಜಾಗದಲ್ಲಿ ನಿಲ್ಲುತ್ತದೆ. ನಮ್ಮ ಆಡುಮಾತಿನಲ್ಲಿ ಎರಡಕ್ಕೂ ‘ಕೇಳೋಕೆ’ ನಡೆಯುತ್ತದೆ, ಗೊಂದಲ ಹುಟ್ಟುವುದು ಅಲ್ಲೇ.

ಅನುಮಾನ ಬಂದರೆ ಆ ಜಾಗದಲ್ಲಿ ‘ಯುವರ್ ರಿಪ್ಲೈ’ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’ ಸರಿಯಾಗಿ ಕೂರುತ್ತದೆ. ‘ಐ ಹೋಪ್ ಟು ಯುವರ್ ರಿಪ್ಲೈ’ ಕೂರುವುದಿಲ್ಲ. ಆದ್ದರಿಂದ ‘ಹೋಪ್ ಟು ಹಿಯರ್’, ಆದರೆ ‘ಲುಕ್ ಫಾರ್ವರ್ಡ್ ಟು ಹಿಯರಿಂಗ್’. ‘ಲುಕಿಂಗ್ ಫಾರ್ವರ್ಡ್ ಫಾರ್ ಯುವರ್ ರಿಪ್ಲೈ’ ಎಂದೂ ತುಂಬ ಜನ ತಪ್ಪಾಗಿ ಬರೆಯುತ್ತಾರೆ. ‘ಉತ್ತರಕ್ಕಾಗಿ ಕಾಯುತ್ತಿದ್ದೇನೆ’ ಮನಸ್ಸಿನಲ್ಲಿರುತ್ತದೆ, ‘ವೇಟಿಂಗ್ ಫಾರ್’ನ ‘ಫಾರ್’ ಬಂದು ಸೇರಿಕೊಳ್ಳುತ್ತದೆ.

ಮೊನ್ನೆ ಅಕೌಂಟ್ಸಿನ ಹುಡುಗಿಯೊಬ್ಬಳು ಬಾಕಿ ವಸೂಲಿಗೆ ಬರೆದ ಮೇಲ್ ತೋರಿಸಿದಳು. ‘ಐ ವುಡ್ ಅಪ್ರಿಶಿಯೇಟ್ ಇಫ್ ಯು ವಿಲ್ ರಿಲೀಸ್ ದ ಪೇಮೆಂಟ್.’ ಕೇಳುವ ಧಾಟಿ ಚೆನ್ನಾಗಿದೆ, ಒಂದು ‘ಇಟ್’ ಬಿಟ್ಟುಹೋಗಿದೆ. ‘ಹಣ ಕಳಿಸಿದರೆ ಉಪಕಾರವಾಗುತ್ತದೆ’ ಎನ್ನುವಾಗ ನಮಗೆ ಮತ್ತೊಂದು ಪದ ಬೇಡ. ಅಪ್ರಿಶಿಯೇಟ್‌ಗೆ ಕರ್ಮಪದ ಇರಲೇಬೇಕು, ಆ ಖಾಲಿ ಜಾಗದಲ್ಲಿ ‘ಇಟ್’ ಕೂರುತ್ತದೆ. ಇನ್ನು, ‘ವುಡ್’ ಜೊತೆಗೆ ‘ವಿಲ್’ ಬೇಡ, ‘ಕುಡ್’ ಹಾಕು ಎಂದೆ. ಅವಳು ಯಾಕೆ ಅಂದಳು. ‘ಕಳಿಸಿದರೆ’ಯೊಳಗೆ ‘ಕಳಿಸಿದ’ ಇದೆ ನೋಡು, ಮುಂದೆ ಆಗಬೇಕಾದ ಕೆಲಸಕ್ಕೆ ನಾವೂ ಭೂತಕಾಲದ ರೂಪವನ್ನೇ ಬಳಸುತ್ತೇವೆ, ಅವರ ‘ಕುಡ್’ ಕೂಡ ಹಾಗೆಯೇ. ಅವಳು ಅಲ್ಲೇ ನಿಂತು ತಿದ್ದಿದಳು: ‘ಐ ವುಡ್ ಅಪ್ರಿಶಿಯೇಟ್ ಇಟ್ ಇಫ್ ಯು ಕುಡ್ ರಿಲೀಸ್ ದ ಪೇಮೆಂಟ್ ಬೈ ಫ್ರೈಡೇ.’ ಫ್ರೈಡೇ ಸೇರಿಸಿದ್ದು ಅವಳೇ, ಒಳ್ಳೆಯ ಕೆಲಸ ಮಾಡಿದಳು. ಹೀಗೆ ಬಿಡಿಸಿ ಹೇಳುವ ಬದಲು ಕೆಲವರು ‘ಡು ದ ನೀಡ್‌ಫುಲ್’ (ಅಗತ್ಯವಾದದ್ದನ್ನು ಮಾಡಿ) ಎಂದು ಬರೆಯುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಓದಿದವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ನಮ್ಮವರ ಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ತಿದ್ದುವುದು ಮಾತ್ರ ‘ರಿಕ್ವೆಸ್ಟ್ ಯು ಟು ಕೈಂಡ್ಲಿ ಕನ್‌ಫರ್ಮ್’ ಎಂಬ ಸಾಲನ್ನು. ಇದರಲ್ಲಿ ‘ಐ’ ಬಿಟ್ಟುಹೋಗಿರುವುದನ್ನು ಅಸಡ್ಡೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ‘ಕೋರುತ್ತೇನೆ’ ಎಂದರೆ ಸಾಕು, ಕೊನೆಯ ‘ಏನೆ’ಯಲ್ಲೇ ‘ನಾನು’ ಇದ್ದೇನೆ. ‘ರಿಕ್ವೆಸ್ಟ್’ನಲ್ಲಿ ಯಾರೂ ಇಲ್ಲ. ಕೋರುತ್ತಿರುವವರು ಯಾರೆಂದು ಬೇರೆಯಾಗಿ ಬರೆಯಬೇಕು: ‘ಐ ರಿಕ್ವೆಸ್ಟ್ ಯು ಟು ಕನ್‌ಫರ್ಮ್’. ಕಂಪನಿಯ ಪರವಾಗಿ ಬರೆಯುತ್ತಿದ್ದರೆ ‘ವಿ’. ಇನ್ನೂ ಹಗುರವಾಗಬೇಕಾದರೆ ‘ಕುಡ್ ಯು ಪ್ಲೀಸ್ ಕನ್‌ಫರ್ಮ್’ ಎಂದು ಕೇಳಿ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ.