ಫಾಗುನ್ 20: ಟಿಕೆಟ್ ತೆಗೆಸುವ ಮೊದಲು ಪಾತ್ರೋ ನೋಡಿ

ಶಿರಸಿ, 3 ಮಾರ್ಚ್ 2024, ಭಾನುವಾರ

ನಮ್ಮ ಪಂಚಾಂಗದಲ್ಲಿ ಇನ್ನೂ ಮಾಘ ಬಹುಳ. ನೇಪಾಳದ ಶಾಲೆಯ ಗೋಡೆಯ ಮೇಲೆ ಇವತ್ತು ಫಾಗುನ್ 20, ವಿಕ್ರಮ ಸಂವತ್ 2080. ಅಲ್ಲಿನ ಹಳ್ಳಿ ಶಾಲೆಗಳಿಗೆ ಎರಡು ತಿಂಗಳ ಮಟ್ಟಿಗೆ ಕಲಿಸಲು ಹೊರಟವರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇಂಗ್ಲಿಷ್ ವ್ಯಾಕರಣದ ಪುಸ್ತಕವಲ್ಲ, ಈ ಕ್ಯಾಲೆಂಡರ್. ಅಲ್ಲಿ ಇದಕ್ಕೆ ಪಾತ್ರೋ ಅನ್ನುತ್ತಾರೆ.

ಈ ತಿಂಗಳ ಕೊನೆಗೆ ಮಾರಿಕಾಂಬೆ ಜಾತ್ರೆ ಮುಗಿಯುತ್ತದೆ, ಮುಗಿದ ಕೂಡಲೇ ಹೊರಟುಬಿಡೋಣ ಅನ್ನುವ ಲೆಕ್ಕ ಇಲ್ಲಿ ಬಹಳ ಜನರದ್ದು. ಆ ಲೆಕ್ಕ ತಪ್ಪು. ಮಾರ್ಚ್ ಕೊನೆ ಅಂದರೆ ಅಲ್ಲಿ ಚೈತ್, ಶಾಲಾವರ್ಷದ ಕಟ್ಟಕಡೆಯ ತಿಂಗಳು. ವಾರ್ಷಿಕ ಪರೀಕ್ಷೆ, ಹತ್ತನೆಯವರಿಗೆ ಎಸ್‌ಇಇ ಎಂಬ ಪಬ್ಲಿಕ್ ಪರೀಕ್ಷೆ, ಆಮೇಲೆ ರಜೆ. ಹೊಸ ವರ್ಷ ಬೈಸಾಖ್ 1ಕ್ಕೆ, ಈ ಸಲ ಏಪ್ರಿಲ್ 13ಕ್ಕೆ; ನಮ್ಮ ಯುಗಾದಿಯಾಗಿ ನಾಲ್ಕು ದಿನಕ್ಕೆ. ಆಗಲೂ ಮೊದಲ ಎರಡು ವಾರ ಮಕ್ಕಳನ್ನು ಶಾಲೆಗೆ ಸೇರಿಸುವ ಗಡಿಬಿಡಿಯೇ ಹೊರತು ಪಾಠ ಅಷ್ಟಕ್ಕಷ್ಟೆ. ಗುಡ್ಡದ ಮೇಲಿನ ಊರುಗಳಿಗೆ ಪಠ್ಯಪುಸ್ತಕ ಇನ್ನೂ ತಡವಾಗಿ ಬರುವುದುಂಟು.

ಹಾಗಾದರೆ ಯಾವಾಗ? ಮಧ್ಯಗುಡ್ಡದ ಊರುಗಳಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲ ಮಂಗ್ಸಿರ್–ಪುಸ್, ಅಂದರೆ ನವೆಂಬರ್ ಮಧ್ಯದಿಂದ ಜನವರಿ ಮಧ್ಯದವರೆಗೆ. ಹಬ್ಬಗಳೆಲ್ಲ ಮುಗಿದಿರುತ್ತವೆ, ಆಕಾಶ ತಿಳಿಯಾಗಿರುತ್ತದೆ, ರಸ್ತೆ ಒಣಗಿರುತ್ತದೆ, ಮಕ್ಕಳೂ ತಪ್ಪದೆ ಬರುತ್ತಾರೆ. ತೀರಾ ಎತ್ತರದ ಊರುಗಳ ಶಾಲೆಗಳು ಮಾತ್ರ ಚಳಿಗೆ ಬಾಗಿಲು ಹಾಕುತ್ತವೆ. ತೊಂದರೆ ಇರುವುದು ನಮ್ಮ ಕಡೆಯದು: ಅದೇ ಹೊತ್ತಿಗೆ ಇಲ್ಲಿ ಅಡಿಕೆ ಕೊಯ್ಲು. ತೋಟದ ಮನೆಯ ಹುಡುಗರು ಕೊನೆಕೊಯ್ಲು ಬಿಟ್ಟು ಹೋಗುವ ಹಾಗಿಲ್ಲ. ಅಂಥವರಿಗೆ ಎರಡನೇ ದಾರಿ ಜೇಠ್, ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ. ಆದರೆ ಅದು ಒಂದೇ ತಿಂಗಳು. ಮುಂದಿನ ಅಸಾರ್‌ನಲ್ಲಿ ನಾಟಿ ಶುರುವಾಗುತ್ತದೆ. ಅಸಾರ್ 15 (ಈ ವರ್ಷ ಜೂನ್ 29) ನಾಟಿಯ ಹಬ್ಬ, ಮೊಸರು ಅವಲಕ್ಕಿ ತಿನ್ನುವ ದಿನ. ಅದರ ಹಿಂದುಮುಂದಿನ ವಾರಗಳಲ್ಲಿ ದೊಡ್ಡ ಮಕ್ಕಳು ಗದ್ದೆಯಲ್ಲಿರುತ್ತಾರೆ, ತರಗತಿ ಅರ್ಧ ಖಾಲಿ. ಇದನ್ನು ಕಂಡು ‘ಮಕ್ಕಳಿಗೆ ಆಸಕ್ತಿಯಿಲ್ಲ’ ಎಂದು ವರದಿ ಬರೆದವರಿದ್ದಾರೆ. ನೆಟ್ಟಿಯ ಕಾಲದಲ್ಲಿ ನಮ್ಮ ಬನವಾಸಿ ಕಡೆಯ ಮನೆಗಳು ಹೇಗಿರುತ್ತವೆಂದು ನೆನಪಿದ್ದವರು ಹಾಗೆ ಬರೆಯಲಾರರು. ಅಕ್ಟೋಬರ್ ಅಂತೂ ಬೇಡ. ಈ ಸಲ ಘಟಸ್ಥಾಪನೆ ಅಕ್ಟೋಬರ್ 3ಕ್ಕೆ. ದಸೈಂನಿಂದ (ನಮ್ಮ ದಸರಾ) ತಿಹಾರ್ (ದೀಪಾವಳಿ) ಮುಗಿಯುವವರೆಗೆ ಪಾಠ ನಡೆಯುವುದು ಬಹಳ ಕಡಿಮೆ.

ಪಾತ್ರೋ ಲೆಕ್ಕದ ಬಗ್ಗೆ ಇನ್ನೊಂದು ಮಾತು. ತಿಂಗಳುಗಳು ಸೌರಮಾನದವು, ಹಬ್ಬಗಳು ತಿಥಿಯವು. ಒಂದು ತಿಂಗಳಿಗೆ 29ರಿಂದ 32 ದಿನ, ಅದೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಬಾಯಿಲೆಕ್ಕ ನಡೆಯುವುದಿಲ್ಲ, ಆಯಾ ವರ್ಷದ ಪಾತ್ರೋ ಬೇಕೇ ಬೇಕು. ಇಸವಿಗೆ ಏಪ್ರಿಲ್ ಮಧ್ಯದವರೆಗೆ 56, ಆಮೇಲೆ 57 ಕೂಡಿಸಿದರೆ ಅಲ್ಲಿನ ವರ್ಷ. ಹಾಜರಿ ಪುಸ್ತಕ, ಮಕ್ಕಳ ಜನ್ಮದಿನಾಂಕ, ಪರೀಕ್ಷೆಯ ವೇಳಾಪಟ್ಟಿ ಎಲ್ಲವೂ ಇದರಲ್ಲೇ. ಯಾರಾದರೂ ‘72 ಸಾಲಿನ ಭೂಕಂಪ’ ಅಂದರೆ ಅದು 1972 ಅಲ್ಲ, ಸಂವತ್ 2072ರ ಬೈಸಾಖ್ 12, ಅಂದರೆ 2015ರ ಏಪ್ರಿಲ್ 25. ‘90 ಸಾಲಿನದು’ ಅಂದರೆ 1934ರದು. ಮನೆ ಕಳೆದುಕೊಂಡವರ ಎದುರು ಇದನ್ನು ತಪ್ಪಿ ಕೇಳಬಾರದು.

ಗಡಿಯಾರವೂ ಬೇರೆ. ನೇಪಾಳ ನಮಗಿಂತ 15 ನಿಮಿಷ ಮುಂದೆ. ಮೊಬೈಲಿನಲ್ಲಿ ಭಾರತದ ಸಮಯವೇ ಉಳಿದುಬಿಟ್ಟರೆ ದಿನವೂ ಬೆಳಗಿನ ಪ್ರಾರ್ಥನೆ ತಪ್ಪುತ್ತದೆ. 2024ರಲ್ಲಿ ಶಾಲೆ ಸಾಮಾನ್ಯವಾಗಿ 10ರಿಂದ 4, ಭಾನುವಾರದಿಂದ ಶುಕ್ರವಾರ ಇತ್ತು; ಶುಕ್ರವಾರ ಅರ್ಧ ದಿನ, ಶನಿವಾರ ರಜೆ.

ಪ್ರಯಾಣದ ಬಗ್ಗೆ ಚುಟುಕಾಗಿ. ಕುಮಟಾ ಅಥವಾ ಕಾರವಾರದಿಂದ ಕೊಂಕಣ ರೈಲಿನಲ್ಲಿ ಮುಂಬೈ, ಅಲ್ಲಿಂದ ಗೋರಖ್‌ಪುರ, ಬಸ್ಸಿನಲ್ಲಿ ಸುನೌಲಿ ಗಡಿ, ಆಚೆಗೆ ಭೈರಹವಾದಿಂದ ಮತ್ತೆ ಬಸ್ಸು. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿಯ ಮೂಲಪ್ರತಿ ಇರಲಿ; ವಿಮಾನದಲ್ಲಿ ಹೋಗುವುದಾದರೆ ಆಧಾರ್ ನಂಬಿ ಹೋಗಬೇಡಿ. ನಮ್ಮ 100 ರೂಪಾಯಿಗೆ ಅಲ್ಲಿನ 160. 2024ರಲ್ಲಿ ಹಣವನ್ನು 100ರ ನೋಟುಗಳಲ್ಲಿಯೇ ಒಯ್ಯಬೇಕಿತ್ತು, ದೊಡ್ಡ ನೋಟಿಗೆ ತಕರಾರಿತ್ತು.

ಉಳಿಯುವ ಮನೆಯಲ್ಲಿ ಬೆಳಗ್ಗೆ ಎದ್ದಾಗ ಸಿಗುವುದು ಬರೀ ಚಹಾ. ದೋಸೆ, ತೆಳ್ಳೇವು ಕಾಯುತ್ತ ಕೂತರೆ ಪ್ರಯೋಜನವಿಲ್ಲ. 9ರ ಹೊತ್ತಿಗೆ ಅನ್ನ, ಬೇಳೆ, ಪಲ್ಯದ ಪೂರಾ ಊಟ. ರೂಢಿಯಿಲ್ಲದವರು ನಾಲ್ಕು ತುತ್ತು ತಿಂದು ಏಳುತ್ತಾರೆ, 12ಕ್ಕೆ ತಲೆ ತಿರುಗುತ್ತದೆ, ಮೂರನೇ ಪೀರಿಯಡ್ಡಿನಲ್ಲಿ ಮಕ್ಕಳ ಮೇಲೆ ರೇಗುತ್ತಾರೆ. ಬೆಳಗ್ಗೆ ಗಂಜಿ ಉಂಡು ಗದ್ದೆಗೆ ಇಳಿಯುವ ನಮ್ಮ ಕರಾವಳಿಯವರಿಗೆ ಇದು ಕಷ್ಟವಾಗಬಾರದು. ಮಧ್ಯಾಹ್ನ ಖಾಜಾ, ಅಂದರೆ ಅವಲಕ್ಕಿಯಂಥ ಕುರುಕಲು. ಮುಂದಿನ ಅನ್ನ ರಾತ್ರಿಯೇ. ಎಂಜಲಿಗೆ ಅಲ್ಲಿ ಜೂಠೋ ಅನ್ನುತ್ತಾರೆ, ನಿಯಮ ನಮ್ಮ ಅಜ್ಜಿಯರದ್ದೇ: ತಂಬಿಗೆ ಎತ್ತಿ ಕುಡಿಯುವುದು, ಕಚ್ಚಿದ್ದನ್ನು ಇನ್ನೊಬ್ಬರಿಗೆ ಕೊಡದಿರುವುದು, ಕರೆಯದೆ ಒಲೆಯ ಹತ್ತಿರ ಹೋಗದಿರುವುದು. ಹೊರಗಾದ ದಿನಗಳಲ್ಲಿ ಅಡುಗೆಮನೆಗೆ ಬರಬಾರದೆನ್ನುವ ಮನೆಗಳು ಅಲ್ಲೂ ಇವೆ. ಹೆಣ್ಣುಮಕ್ಕಳು ಈ ವಿಷಯವನ್ನು ಮೊದಲ ದಿನವೇ ಮನೆಯ ದೀದಿಯ ಹತ್ತಿರ ಮಾತಾಡಿಕೊಳ್ಳುವುದು ಒಳ್ಳೆಯದು. ಗುಡಿಸಲಿನಲ್ಲಿ ದೂರ ಮಲಗಿಸುವ ಛೌಪಡಿ ಮಾತ್ರ ಅಲ್ಲಿನ ಕಾನೂನಿನಲ್ಲೇ ಅಪರಾಧ, ಅದಕ್ಕೆ ಒಪ್ಪಬೇಕಾಗಿಲ್ಲ. ಮಾಂಸ ತಿನ್ನದವರು ಅದನ್ನೂ ಮೊದಲೇ ಹೇಳಿಬಿಡಿ. ಗುಂದ್ರುಕ್ ಇದ್ದರೆ ಯೋಚನೆಯಿಲ್ಲ: ಸಾಸಿವೆ, ಮೂಲಂಗಿ ಸೊಪ್ಪನ್ನು ಬಾಡಿಸಿ, ಜಜ್ಜಿ, ಗಾಳಿಯಾಡದ ಹಾಗೆ ಗಡಿಗೆಗೆ ಒತ್ತಿ ತುಂಬಿ, ವಾರದಷ್ಟು ಹುಳಿ ಬರಿಸಿ ಬಿಸಿಲಿಗೆ ಒಣಗಿಸಿದ್ದು. ಅದರ ಸಾರು ಕುಡಿದರೆ ಅಪ್ಪೆಹುಳಿ ಬಿಟ್ಟು ಬಂದ ಬೇಸರ ಸ್ವಲ್ಪ ಇಳಿಯುತ್ತದೆ.

ಈಗ ತರಗತಿ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲಿ. ‘ಆರನೆಯ ತರಗತಿಯ ಇಂಗ್ಲಿಷ್ ಪೂರ್ತಿ ನೀವೇ ತಗೊಳ್ಳಿ’ ಎಂದು ಹೆಡ್‌ಸರ್ ಪ್ರೀತಿಯಿಂದಲೇ ಹೇಳುತ್ತಾರೆ. ಒಪ್ಪಬೇಡಿ. ಒಪ್ಪಿದರೆ ಆ ವಿಷಯದ ಶಿಕ್ಷಕರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಎರಡು ತಿಂಗಳ ನಂತರ ನೀವು ಹೊರಟಾಗ ಪುಸ್ತಕದ ಯಾವ ಪುಟದಲ್ಲಿ ಬಿಟ್ಟಿರೆಂದು ಯಾರಿಗೂ ತಿಳಿಯುವುದಿಲ್ಲ. ಮೊದಲ ವಾರ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಎರಡನೇ ವಾರ 40–45 ನಿಮಿಷದ ಪೀರಿಯಡ್ಡಿನಲ್ಲಿ 10 ನಿಮಿಷ ಮಾತ್ರ ಕೇಳಿಕೊಳ್ಳಿ. ಮೂರನೇ ವಾರದಿಂದ ಅರ್ಧ ನಿಮ್ಮದು, ಅರ್ಧ ಅವರದು. ಕೊನೆಯ ವಾರ ನೀವು ಮಾಡುತ್ತಿದ್ದ ಚಟುವಟಿಕೆಯನ್ನು ಶಿಕ್ಷಕರು ನಡೆಸಲಿ, ನೀವು ಮತ್ತೆ ಹಿಂದಿನ ಬೆಂಚಿಗೆ. ದಿನವೂ ಪುಟದ ಸಂಖ್ಯೆ ಮತ್ತು ಮಾಡಿದ್ದನ್ನು ನೇಪಾಳಿ ತಾರೀಖಿನೊಂದಿಗೆ ಒಂದೇ ನೋಟ್‌ಬುಕ್ಕಿನಲ್ಲಿ ಬರೆದು ಶಾಲೆಯಲ್ಲೇ ಬಿಟ್ಟುಬನ್ನಿ.

‘ಬುಝ್ಯೌ?’ (ತಿಳಿಯಿತೇ?) ಎಂದು ಕೇಳಿದರೆ ಇಡೀ ತರಗತಿ ಒಂದೇ ರಾಗದಲ್ಲಿ ಹೌದೆನ್ನುತ್ತದೆ. ತಿಳಿಯದಿದ್ದರೂ ಹೌದೇ. ಆ ಪ್ರಶ್ನೆಯನ್ನೇ ಬಿಡಿ. ಲೆಕ್ಕವಾದರೆ ಜೋಳದ ಕಾಳು ಹಂಚಿ ಡೆಸ್ಕಿನ ಮೇಲೆ ಜೋಡಿಸಿ ತೋರಿಸಲು ಹೇಳಿ. ಯಾರಿಗೆ ಬಂದಿಲ್ಲವೆಂದು ಎರಡೇ ನಿಮಿಷದಲ್ಲಿ ಕಾಣುತ್ತದೆ. ಕಾಳು ಪ್ರತಿ ಮನೆಯಲ್ಲೂ ಇರುತ್ತದೆ, ಇಲ್ಲಿಂದ ಆಟಿಕೆ ಹೊರುವುದು ಬೇಡ. ಒಂದನೇ ತರಗತಿಯಲ್ಲಿ ಇನ್ನೊಂದು ಎಚ್ಚರ: 2021ರ ಜನಗಣತಿಯ ಪ್ರಕಾರ ಆ ದೇಶದಲ್ಲಿ 124 ಮಾತೃಭಾಷೆಗಳಿವೆ. ಮನೆಯಲ್ಲಿ ತಮಾಂಗ್ ಅಥವಾ ಮಗರ್ ಆಡುವ ಮಗುವಿಗೆ ನೇಪಾಳಿಯೇ ಶಾಲೆಯ ಭಾಷೆ. ನಮ್ಮಲ್ಲಿ ಕೊಂಕಣಿ ಮನೆಯ ಮಗು ಕನ್ನಡ ಶಾಲೆಗೆ ಬಂದ ಹಾಗೆ.

ಉಚ್ಚಾರದಲ್ಲಿ ಶ–ಸ ಗೊಂದಲ ಬಹಳ. ಬರಹದಲ್ಲಿ ಶ, ಷ, ಸ ಮೂರೂ ಇದ್ದರೂ ನೇಪಾಳಿ ಆಡುಮಾತಿನಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಸ. ಅದಕ್ಕೇ ‘ಶೀ’ಯೂ ‘ಸೀ’ಯೂ ಒಂದಾಗುತ್ತವೆ, ವ್ಯಾನ್ ‘ಭ್ಯಾನ್’ ಆಗುತ್ತದೆ, ಸ್ಕೂಲ್ ‘ಇಸ್ಕುಲ್’ ಆಗುತ್ತದೆ. ದಿನಕ್ಕೆ ಐದು ಜೋಡಿ ಪದ, 10 ನಿಮಿಷ ಸಾಕು. ಮೊದಲ ಎರಡು ದಿನ ಮಕ್ಕಳು ಹೇಳುವುದು ಬೇಡ, ಕೇಳಿ ಎಡಗೈ ಅಥವಾ ಬಲಗೈ ಎತ್ತಲಿ. ಕಿವಿಗೆ ವ್ಯತ್ಯಾಸ ಸಿಗುವ ಮೊದಲೇ ನಾಲಿಗೆ ತಿದ್ದಲು ಹೋದರೆ ಮಗು ನಾಚಿ ಬಾಯಿ ಮುಚ್ಚುತ್ತದೆ. ‘ಯೆಗ್ಗು’, ‘ಬಸ್ಸು’ ಎನ್ನುವ ನಮ್ಮ ನಾಲಿಗೆಯನ್ನೂ ಮನೆಯಲ್ಲಿ ತಿದ್ದಿಕೊಂಡು ಹೋಗಬೇಕು.

ಅನಾಥಾಲಯಗಳ ಹೆಸರಿನಲ್ಲಿ ದುಡ್ಡು ಕೇಳಿ ಕರೆಯುವವರ ಹತ್ತಿರ ಹೋಗಬೇಡಿ. ಅಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ನೋಡಲು ಬರುವವರಿದ್ದಾರೆಂದೇ ಮಕ್ಕಳನ್ನು ಊರಿನಿಂದ ತರುವ ದಂಧೆ ಬೆಳೆಯಿತು. ಮಕ್ಕಳು ಸಂಜೆ ಮನೆಗೆ ಹೋಗುವ ಶಾಲೆಯೇ ಸರಿ.

ಈ ಶುಕ್ರವಾರ ಶಿವರಾತ್ರಿ. ನಮ್ಮ ಗೋಕರ್ಣದಲ್ಲಿ ಜನ ಸೇರುವ ಹೊತ್ತಿಗೇ ಕಠ್ಮಂಡುವಿನ ಪಶುಪತಿಯಲ್ಲೂ ಸಾಲು. ಅಲ್ಲಿನ ಗರ್ಭಗುಡಿಯ ಭಟ್ಟರು ಕರ್ನಾಟಕದಿಂದ ಹೋದವರು. ಕಣಿವೆಯಲ್ಲಿ ಬಾಗ್ಮತಿಯ ದಡಕ್ಕೆ ಇನ್ನೊಂದು ಗೋಕರ್ಣವೇ ಇದೆ. ಭದೌ ಅಮಾವಾಸ್ಯೆಗೆ, ಅಪ್ಪನ ಮುಖ ನೋಡುವ ದಿನ, ತಂದೆಯಿಲ್ಲದವರು ಅಲ್ಲಿನ ಗೋಕರ್ಣೇಶ್ವರಕ್ಕೆ ಶ್ರಾದ್ಧಕ್ಕೆ ಬರುತ್ತಾರೆ. ತಿಹಾರ್‌ನಲ್ಲಿ ಮನೆಮನೆಗೆ ಹಾಡುತ್ತ ಬರುವ ದೇಉಸಿ–ಭೈಲೋ ಕೇಳಿದರೆ ನಮ್ಮ ದೊಡ್ಡಹಬ್ಬದ ಅಂಟಿಗೆ–ಪಂಟಿಗೆಯೇ ಕಣ್ಣೆದುರು ಬರುತ್ತದೆ. ಅಂಟಿಗೆ–ಪಂಟಿಗೆಯ ನಾಲ್ಕು ಸಾಲು ಕಲಿತು ಹೋದವರಿಗೆ ಸ್ಟಾಫ್‌ರೂಮಿನಲ್ಲಿ ಮಾತಿಗೆ ದಾರಿ ತಾನಾಗಿ ತೆರೆಯುತ್ತದೆ.

ಟಿಕೆಟ್ ತೆಗೆಸುವ ಮೊದಲು ಹೆಡ್‌ಸರ್‌ಗೆ ಮೂರು ಪ್ರಶ್ನೆ ಬರೆದು ಕಳಿಸಿ: ಬರುವ ವರ್ಷದ ಪರೀಕ್ಷೆಗಳು ಯಾವ ಯಾವ ಗತೇಗೆ? (ತಾರೀಖಿಗೆ ಅಲ್ಲಿ ಗತೇ ಅನ್ನುವುದು.) ಮಳೆಗಾಲದ ರಜೆಯೋ, ಚಳಿಗಾಲದ್ದೋ? ಯಾವ ಶಿಕ್ಷಕರ ಜೊತೆಗೆ ಕೂರಬೇಕು? ಮೂರನೆಯದಕ್ಕೆ ಒಬ್ಬರ ಹೆಸರು ಬರುವವರೆಗೆ ಕಾಯಿರಿ.