ಮರಗಳಿಗೆ ಸಂಖ್ಯೆ ಬೀಳುತ್ತದೆ, ದರೆಗೆ ಇಲ್ಲ

ಉತ್ತರ ಕನ್ನಡದ ಘಟ್ಟದ ರಸ್ತೆಗಳನ್ನು ಅಗಲಗೊಳಿಸುವ ಮುನ್ನ ಅಲ್ಲಿನ ಜೀವಿಗಳನ್ನು ದಾಖಲಿಸುವುದು ನನ್ನ ಕೆಲಸ. ಕಡಿಯಬೇಕಾದ ಮರಗಳಿಗೆ ಒಂದೊಂದಕ್ಕೂ ಸಂಖ್ಯೆ ಬೀಳುತ್ತದೆ. ರಸ್ತೆಯ ಮಗ್ಗುಲಿನ ದರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ, ಮಾತ್ರ ಎಷ್ಟು ಲೋಡು ಮಣ್ಣು ಎಂಬ ಲೆಕ್ಕದಲ್ಲಷ್ಟೇ ಕಾಣಿಸಿಕೊಳ್ಳುತ್ತದೆ. ಥ್ರಿಗ್ಮೋಪಿಯಸ್ ಕುಲದ ಟ್ಯಾರಂಟುಲಾಗಳು, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡಗಳು, ಬಿಲ ತೋಡಿಕೊಂಡು ಬಾಳುವುದು ಇಂಥ ದರೆಗಳಲ್ಲಿಯೇ.

ಈ ಕುಲದ ಟ್ರುಕ್ಯುಲೆಂಟಸ್ ಮತ್ತು ಇನ್‌ಸಿಗ್ನಿಸ್ ಪ್ರಭೇದಗಳನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಆರ್. ಐ. ಪೊಕಾಕ್ 1899ರಲ್ಲಿ ವಿವರಿಸಿದರು. ಪಶ್ಚಿಮಘಟ್ಟಕ್ಕೆ ಸೇರಿದ ಇವೆರಡನ್ನೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿ ಅಪಾಯದ ಸನಿಹದಲ್ಲಿರುವ ಜೀವಿಗಳೆಂದು ಗುರುತಿಸಿದೆ.

ಕಡಿದಾದ ದರೆಯಲ್ಲಿ ಮಳೆನೀರು ನಿಲ್ಲುವುದಿಲ್ಲ, ಮೇಲಿನ ಮರಗಳ ಬೇರು ಮಣ್ಣನ್ನು ಹಿಡಿದಿರುತ್ತದೆ. ಜೇಡ ಬಿಲದ ಒಳಗೋಡೆಗೆ ರೇಷ್ಮೆಯ ಎಳೆ ಹೊದಿಸಿ, ಬಿಲದ ಬಾಯಿಗೆ ತರಗೆಲೆಗಳನ್ನು ಹೆಣೆದು, ಕತ್ತಲಾದ ಮೇಲೆ ಅಲ್ಲಿಯೇ ಕುಳಿತು ಹಾದುಹೋಗುವ ಕೀಟಗಳಿಗಾಗಿ ಕಾಯುತ್ತದೆ. ಆದ್ದರಿಂದ ಹಗಲಿನ ಸಮೀಕ್ಷೆಯೊಂದನ್ನೇ ನೆಚ್ಚಿದರೆ ಒಣ ಎಲೆಗಳ ನಡುವಿನ ಬಿಲ ಕಣ್ತಪ್ಪುತ್ತದೆ. ನಾವು ರಾತ್ರಿ ಟಾರ್ಚ್ ಹಿಡಿದು ಅದೇ ದರೆಯನ್ನು ಮತ್ತೆ ನೋಡುತ್ತೇವೆ, ಬಿಲದೊಳಗೆ ಕಡ್ಡಿ ಹಾಕುವುದಿಲ್ಲ.

ಎಷ್ಟು ಬಿಲಗಳಿವೆ ಎಂಬುದಕ್ಕಿಂತ ಅವು ಹೇಗೆ ಹರಡಿವೆ ಎಂಬುದು ಮುಖ್ಯವೆಂದು ನಾನು ಕಲಿತದ್ದು ಈ ಕೆಲಸದಲ್ಲಿ. ಅನೇಕ ಸಣ್ಣ ಜೇಡಗಳ ಮರಿಗಳು ಎಳೆಯೊಂದನ್ನು ಗಾಳಿಗೆ ಬಿಟ್ಟು ದೂರ ತೇಲಿಹೋಗುತ್ತವೆ, ಆದರೆ ಟ್ಯಾರಂಟುಲಾ ಮರಿಗಳು ಸಾಮಾನ್ಯವಾಗಿ ನಡೆದೇ ಹೋಗಿ ಹತ್ತಿರದಲ್ಲಿ ನೆಲೆಸುವುದರಿಂದ ಬಿಲಗಳು ಗುಂಪುಗುಂಪಾಗಿರುತ್ತವೆ. ಬೆಳವಣಿಗೆಯೂ ನಿಧಾನ, ಹೆಣ್ಣು ಹಲವು ವರ್ಷ ಬದುಕುತ್ತದೆ. ಹೀಗಿರುವಾಗ ನೂರು ಮೀಟರ್ ದರೆಯನ್ನು ಜೆಸಿಬಿ ಒಂದು ದಿನದಲ್ಲಿ ಕೆರೆದುಹಾಕಿದರೆ, ಪಕ್ಕದಲ್ಲಿ ದಟ್ಟ ಕಾಡೇ ಇದ್ದರೂ, ಅಲ್ಲಿನ ಇಡೀ ಗುಂಪು ಅಳಿಯಬಹುದು. ಕಾಡು ಉಳಿದಿದೆಯಲ್ಲ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ.

ಬಿಲಗಳನ್ನು ಅಗೆದು ಬೇರೆಡೆಗೆ ಸಾಗಿಸುವ ಸಲಹೆಯನ್ನು ನಾನು ಕೊನೆಯ ದಾರಿಯಾಗಿ ಮಾತ್ರ ಬರೆಯುತ್ತೇನೆ. ಮೊದಲು ಕೇಳುವುದು, ರಸ್ತೆಯನ್ನು ಎದುರಿನ ಬದಿಗೆ ಅಗಲಗೊಳಿಸಲು ಸಾಧ್ಯವೇ ಎಂದು. ಎಂಜಿನಿಯರುಗಳ ಬಳಿ ಇದನ್ನು ನಕ್ಷೆ ಅಂತಿಮವಾಗುವ ಮೊದಲೇ ಕೇಳಬೇಕು. ಕುಸಿಯದ ದರೆಗೆ ಕಾಂಕ್ರೀಟ್ ಹೊದಿಸುವುದು ಬೇಡ, ಚರಂಡಿಯ ಹೂಳು ತೆಗೆಯುವಾಗ ದರೆಯನ್ನು ಕೆರೆಯುವುದೂ ಬೇಡ ಎಂದು ಗುತ್ತಿಗೆದಾರರಿಗೆ ಲಿಖಿತವಾಗಿ ತಿಳಿಸುತ್ತೇವೆ.

ಟ್ಯಾರಂಟುಲಾಗಳನ್ನು ಸಾಕಲು ಹಿಡಿದು ಮಾರುವವರಿರುವುದರಿಂದ, ಬಿಲಗಳ ಜಿಪಿಎಸ್ ಗುರುತುಗಳನ್ನು ಸಾರ್ವಜನಿಕ ವರದಿಯಲ್ಲಿ ಸೇರಿಸದೆ, ಪ್ರತ್ಯೇಕ ಲಕೋಟೆಯಲ್ಲಿ ಅರಣ್ಯಾಧಿಕಾರಿಗಳಿಗೆ ಒಪ್ಪಿಸುತ್ತೇವೆ.